ಜಕ್ಕೂರಿನಲ್ಲಿ ಊಟಕ್ಕೆ ಇಳಿಯಬೇಕೆ?

ಹೆಬ್ಬಾಳ ದಾಟಿ ಎತ್ತರಿಸಿದ ರಸ್ತೆಗೆ ಕಾರು ಏರಿಸಿದವರಿಗೆ ಜಕ್ಕೂರು ಸಿಗುವುದಿಲ್ಲ. ಅದು ಕೆಳಗೆ, ಬಲಗಡೆಗೆ ಉಳಿದುಬಿಡುತ್ತದೆ. ಮತ್ತೆ ನೆಲ ಮುಟ್ಟುವ ಹೊತ್ತಿಗೆ ಯಲಹಂಕ ಬಂದಿರುತ್ತದೆ. ವಿಮಾನ ನಿಲ್ದಾಣದಿಂದ ಊರಿಗೆ ಮರಳುವವರಿಗೆ ಅದೇ ಜಕ್ಕೂರು ಎಡಗಡೆಗೆ ಬರುತ್ತದೆ, ಮೇಲೆ ಹತ್ತದೆ ಸರ್ವಿಸ್ ರಸ್ತೆ ಹಿಡಿದರೆ ಸಾಕು. ಇಲ್ಲಿನ ಹೊಸ, ದುಬಾರಿ ರೆಸ್ಟೋರೆಂಟುಗಳ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಹೇಳುವುದು ಈ ಎಡ–ಬಲದ ಸಂಗತಿಯನ್ನೇ. ಊಟ ಹೇಗಿದೆ ಎನ್ನುವುದು ಆಮೇಲಿನ ಮಾತು.

ಕೇಳುವವರು ಹೆಚ್ಚಾಗುತ್ತಿದ್ದಾರೆ. ಮಗಳನ್ನು ಅಮೆರಿಕಕ್ಕೆ ಕಳಿಸಲು ಮೈಸೂರಿನಿಂದ ಬಂದ ದಂಪತಿ, ಜವಾಹರಲಾಲ್ ನೆಹರೂ ವಿಜ್ಞಾನ ಸಂಶೋಧನಾ ಕೇಂದ್ರದ ವಿಚಾರಗೋಷ್ಠಿಗೆ ಬಂದ ಧಾರವಾಡದ ಪ್ರಾಧ್ಯಾಪಕರು, ಹೆಬ್ಬಾಳದ ಆಸ್ಪತ್ರೆಯಲ್ಲಿ ಅಪ್ಪನನ್ನು ತೋರಿಸಿಕೊಂಡು ಸಂಜೆಯವರೆಗೆ ಹೊತ್ತು ಕಳೆಯಬೇಕಾದವರು. ಎಲ್ಲರ ಫೋನಿನಲ್ಲೂ ಅದೇ ಚಿತ್ರಗಳು: ಮರದ ಕೆಳಗಿನ ದೀಪಗಳು, ಕಪ್ಪು ತಟ್ಟೆಯಲ್ಲಿ ಸಣ್ಣಗೆ ಜೋಡಿಸಿದ ತಿನಿಸು, ನಾಲ್ಕೂವರೆ ನಕ್ಷತ್ರ. ಆ ನಕ್ಷತ್ರ ಹಾಕಿದವರಲ್ಲಿ ಬಹುಪಾಲು ಜನ ಸುತ್ತಲಿನ ಬಡಾವಣೆಯವರು. ಅವರು ಚಪ್ಪಲಿ ಮೆಟ್ಟಿ ನಡೆದು ಬಂದು, ತಿಂದು, ನಡೆದೇ ಮನೆಗೆ ಹೋಗುವವರು. ನಿಮ್ಮ ಡಿಕ್ಕಿಯಲ್ಲಿ ಇಪ್ಪತ್ತಮೂರು ಕೆ.ಜಿ.ಯ ಎರಡು ಪೆಟ್ಟಿಗೆಗಳಿವೆ ಎನ್ನುವುದು ಅವರ ಲೆಕ್ಕದಲ್ಲಿಲ್ಲ.

ಊಟವನ್ನು ಪ್ರಯಾಣದ ಲೆಕ್ಕದಲ್ಲಿ ಅಳೆಯುವುದು ಹೊಸ ಯೋಚನೆಯೇನಲ್ಲ. ಫ್ರಾನ್ಸಿನ ಮಿಶೆಲಿನ್ ಟೈರ್ ಕಂಪನಿ 1900ರಲ್ಲಿ ವಾಹನ ಸವಾರರಿಗೆಂದು ಕೈಪಿಡಿ ಹಂಚಲು ಶುರುಮಾಡಿತು. ಜನ ಹೆಚ್ಚು ಓಡಾಡಿದರೆ ಟೈರು ಹೆಚ್ಚು ಸವೆಯುತ್ತದೆ ಎನ್ನುವುದು ವ್ಯಾಪಾರದ ಲೆಕ್ಕ. ಮುಂದೆ ಅದರ ನಕ್ಷತ್ರಗಳು ಜಗತ್ಪ್ರಸಿದ್ಧವಾದವು. ಒಂದು ನಕ್ಷತ್ರವೆಂದರೆ ದಾರಿಯಲ್ಲಿ ಸಿಕ್ಕರೆ ನಿಲ್ಲಬಹುದು, ಎರಡೆಂದರೆ ದಾರಿ ಬಿಟ್ಟು ಸುತ್ತಿ ಹೋಗಬಹುದು, ಮೂರೆಂದರೆ ಅದಕ್ಕೆಂದೇ ಹೊರಡಬಹುದು. ಭಾರತಕ್ಕೆ ಆ ಕೈಪಿಡಿ ಬಂದಿಲ್ಲ. ಆದರೆ ಅದರ ಪ್ರಶ್ನೆಯನ್ನು ಎರವಲು ತರಲು ಯಾರ ಅನುಮತಿಯೂ ಬೇಕಿಲ್ಲ. ಆ ಪ್ರಶ್ನೆ ಹಿಡಿದುಕೊಂಡೇ ಒಂದು ವಾರದ ದಿನದ ಸಂಜೆ ಜಕ್ಕೂರು ಕ್ರಾಸಿನಲ್ಲಿ ಇಳಿದೆ.

ಕ್ರಾಸಿನಲ್ಲಿ ತಲೆಯ ಮೇಲೆ ಎತ್ತರಿಸಿದ ರಸ್ತೆ, ಪಕ್ಕದಲ್ಲಿ ಮೆಟ್ರೊ ಕಾಮಗಾರಿ. ಕೃಷ್ಣರಾಜಪುರದಿಂದ ಹೆಬ್ಬಾಳದ ಮೇಲೆ ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮಾರ್ಗ ಇಲ್ಲೇ ಹಾಯುತ್ತದೆ. ಜಕ್ಕೂರು ಕ್ರಾಸಿಗೂ ಒಂದು ನಿಲ್ದಾಣ ಗೊತ್ತಾಗಿದೆ. ಕಾಮಗಾರಿ ಮುಗಿಯುವವರೆಗೆ ಸರ್ವಿಸ್ ರಸ್ತೆಯ ಅಗಲ ಇವತ್ತು ಇದ್ದಂತೆ ನಾಳೆ ಇರುವುದಿಲ್ಲ. ನಕ್ಷೆ ತೋರಿಸುವ ನಿಮಿಷಗಳಿಗೆ ಸಂಜೆ ಹೊತ್ತು ಇನ್ನಷ್ಟು ಸೇರಿಸಿಕೊಳ್ಳಿ. ಹತ್ತಿರದಲ್ಲೇ ಬ್ಯಾಟರಾಯನಪುರದ ಮಾಲ್ ಆಫ್ ಏಷ್ಯಾ ಇದೆ. 2023ರ ಅಕ್ಟೋಬರಿನಲ್ಲಿ ಅದು ತೆರೆದ ಮೇಲೆ ಬಳ್ಳಾರಿ ರಸ್ತೆಯ ದಟ್ಟಣೆ ಎಷ್ಟು ಏರಿತೆಂದರೆ, ಆ ವರ್ಷದ ಕೊನೆಯ ದಿನದಿಂದ ಎರಡು ವಾರ ಸಾರ್ವಜನಿಕರನ್ನು ಒಳಗೆ ಬಿಡಬಾರದೆಂದು ನಗರ ಪೊಲೀಸ್ ಆಯುಕ್ತರು ಆದೇಶ ಹೊರಡಿಸಿದ್ದರು. ವಿಷಯ ಹೈಕೋರ್ಟಿನವರೆಗೂ ಹೋಯಿತು. ರಸ್ತೆಯ ಆಚೆ ಬದಿ ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣ. ನವೆಂಬರಿನ ಕೃಷಿ ಮೇಳದ ದಿನಗಳಲ್ಲಿ ನಾಡಿನ ಬಸ್ಸುಗಳೆಲ್ಲ ಅಲ್ಲಿಗೇ ಬಂದಂತಿರುತ್ತದೆ. ಮೇಳದ ವಾರ ಜಕ್ಕೂರಿನ ಊಟದ ಯೋಚನೆ ಬಿಟ್ಟು ಮೇಳಕ್ಕೇ ಹೋಗುವುದು ಮೇಲು.

ಆಟೊ ಚಾಲಕರೊಬ್ಬರನ್ನು ಕೇಳಿದೆ, "ಆ ಕಡೆಯಿಂದ ಏರ್‌ಪೋರ್ಟಿಗೆ ಹೋಗೋರು ಊಟಕ್ಕೆ ಅಂತ ಇಲ್ಲಿಗೆ ಬರ್ತಾರಾ ಅಣ್ಣ?"

"ಬರ್ತಾರೆ ಸಾರ್, ಬಂದು ಒದ್ದಾಡ್ತಾರೆ. ಕೆಳಗಿಂದ ತಿರುಗಿ ಬರ್ಬೇಕು, ಉಂಡು ಮತ್ತೆ ತಿರುಗಿ ಹೋಗ್ಬೇಕು. ಬರೋ ಟೈಮಲ್ಲಿ ಉಣ್ಣೋದಪ್ಪ, ಹೋಗೋ ಟೈಮಲ್ಲಿ ಯಾಕೆ?"

ಈ ಬರಹದ ಅರ್ಧ ತೀರ್ಪು ಅವರದೇ.

ಒಳಗೆ ನಡೆದರೆ ವಿಮಾನ ಮೈದಾನ. ಮೈಸೂರು ಮಹಾರಾಜರ ಕಾಲದ ಜಾಗ. 1949ರಿಂದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇಲ್ಲಿದೆ. ಬಾನಿನಲ್ಲಿ ಪುಟ್ಟ ಸೆಸ್ನಾ ವಿಮಾನ ಸುತ್ತು ಹೊಡೆಯುವುದನ್ನು ನೋಡುತ್ತ ಬೆಳೆದ ಊರು ಇದು. ಇದೇ ಕಾರಣಕ್ಕೆ ಸುತ್ತಮುತ್ತ ಕಟ್ಟಡಗಳು ಮನಬಂದಷ್ಟು ಎತ್ತರಕ್ಕೆ ಏಳುವಂತಿಲ್ಲ, ಮೂರು–ನಾಲ್ಕನೇ ಮಹಡಿಯ ತಾರಸಿಯಿಂದಲೂ ಆಕಾಶ ಧಾರಾಳವಾಗಿ ಕಾಣುತ್ತದೆ. ತಾರಸಿ ರೆಸ್ಟೋರೆಂಟುಗಳು ಇಲ್ಲಿ ಹುಟ್ಟಿಕೊಂಡದ್ದರ ಹಿಂದೆ ಈ ಆಕಾಶದ ಪಾಲೂ ಇದೆ. ಆದರೆ ‘ರನ್‌ವೇ ನೋಟ’ ಎಂದು ಜಾಹೀರಾತಿನಲ್ಲಿ ಕಂಡು ರಾತ್ರಿ ಎಂಟಕ್ಕೆ ಟೇಬಲ್ ಹಿಡಿಯುವವರಿಗೆ ಒಂದು ಮಾತು: ತರಬೇತಿ ಹಾರಾಟ ಹಗಲಿನ ಬೆಳಕಿನದು. ರಾತ್ರಿ ಅಲ್ಲಿ ಕಾಣುವುದು ಕತ್ತಲೆ, ಅದಕ್ಕೂ ಬಿಲ್ಲಿನಲ್ಲಿ ಪಾಲು ಇರುತ್ತದೆ.

ಮೈದಾನದ ಬೇಲಿ ಮುಗಿದು ಬಡಾವಣೆಯ ರಸ್ತೆಗಳು ಶುರು. ಹಳೆಯ ಜಕ್ಕೂರು ಹಳ್ಳಿಯ ಅಂಗಡಿ ಸಾಲು, ಅದರಾಚೆ ದೊಡ್ಡ ನಿವೇಶನಗಳು, ಇನ್ನೂ ಮುಂದೆ ಶಿವರಾಮ ಕಾರಂತರ ಹೆಸರಿಟ್ಟುಕೊಂಡ ನಗರ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಶುರುವಾಗುವವರೆಗೆ ಇದು ಊರಾಚೆಯ ಊರು. ಈಗ ಮಾನ್ಯತಾ ಟೆಕ್ ಪಾರ್ಕಿನ ಸಂಬಳ, ನಿಲ್ದಾಣದ ಓಡಾಟ, ಕೆರೆಯ ಗಾಳಿ ಮೂರೂ ಸೇರಿ ಮನೆಯೊಂದನ್ನು ಕೆಡವಿ ರೆಸ್ಟೋರೆಂಟು ಮಾಡುವಷ್ಟು ಆದಾಯದ ಜಾಗ. ನಾನು ಹೊಕ್ಕದ್ದು ಅಂಥದ್ದೇ ಒಂದಕ್ಕೆ. ಅದರ ಹೆಸರು ಇಲ್ಲಿ ಮುಖ್ಯವಲ್ಲ. ಬಡಾವಣೆಯ ಈ ಬಗೆಯ ಜಾಗಗಳು ಎರಡು ಮೂರು ವರ್ಷಕ್ಕೊಮ್ಮೆ ಹೆಸರು, ಮಾಲೀಕರು, ಅಡುಗೆಯವರು ಮೂರನ್ನೂ ಬದಲಿಸುತ್ತವೆ. ಹೆಸರು ಬದಲಾದರೂ ಬದಲಾಗದ ಸಂಗತಿಗಳನ್ನು ನೋಡುವುದೇ ನನ್ನ ಕೆಲಸವಾಗಿತ್ತು.

ಮೊದಲನೆಯದು ಕಾರು. ಬಾಗಿಲಲ್ಲಿ ಸಮವಸ್ತ್ರದ ಹುಡುಗ ಕೀಲಿ ಕೇಳುತ್ತಾನೆ. ಅವನು ಕಾರನ್ನು ಒಯ್ದು ನಿಲ್ಲಿಸುವುದು ಸಾಮಾನ್ಯವಾಗಿ ಪಕ್ಕದ ಅಡ್ಡರಸ್ತೆಯಲ್ಲಿ, ಯಾರದೋ ಮನೆಯ ಕಾಂಪೌಂಡಿನ ಬದಿಗೆ. ಸ್ಥಳೀಯರಿಗೆ ಇದರಿಂದ ಕಿರಿಕಿರಿ, ನಿಮಗೆ ಅಪಾಯ. ಪಾಸ್‌ಪೋರ್ಟು, ವೀಸಾದ ಕಡತ, ಚಿನ್ನ ಯಾವುದನ್ನೂ ಕಾರಿನಲ್ಲಿ ಬಿಟ್ಟು ಕೀಲಿ ಕೊಡಬೇಡಿ. ಪೆಟ್ಟಿಗೆಗಳಿದ್ದರೆ ಒಬ್ಬರಾದರೂ ಕಾರು ನಿಲ್ಲುವ ಜಾಗ ನೋಡಿಕೊಂಡು ಬನ್ನಿ. ಆವರಣದೊಳಗೇ ಕಾರು ನಿಲ್ಲಿಸುವ ಜಾಗವಿರುವ ರೆಸ್ಟೋರೆಂಟು ಪ್ರಯಾಣಿಕರಿಗೆ ಅರ್ಧ ಅಂಕ ಹೆಚ್ಚು ಪಡೆಯುತ್ತದೆ, ಅಡುಗೆ ತುಸು ಸಪ್ಪೆಯಾದರೂ ಸರಿ.

ಎರಡನೆಯದು ಮೆಟ್ಟಿಲು. ಜೊತೆಗೆ ಅಜ್ಜಿ ಇದ್ದರೆ ಇದೇ ಮೊದಲನೆಯದು. ಮನೆಯಾಗಿದ್ದುದು ರೆಸ್ಟೋರೆಂಟಾದ ಕಡೆ ಲಿಫ್ಟ್ ಇರುವುದಿಲ್ಲ, ಇದ್ದರೂ ಕೊನೆಯ ಮಹಡಿಗೆ ಹೋಗುವುದಿಲ್ಲ; ಶೌಚಾಲಯ ಇನ್ನೊಂದು ಅಂತಸ್ತಿನಲ್ಲಿರುತ್ತದೆ. ತಾರಸಿಗೆ ಹೋಗುವಾಗ ಇಳಿಯಲು ಎರಡನೇ ದಾರಿ ಇದೆಯೇ ಎಂದು ನಾನು ತಪ್ಪದೆ ನೋಡುತ್ತೇನೆ. 2023ರ ಅಕ್ಟೋಬರ್ 18ರಂದು ಕೋರಮಂಗಲದ ತಾವರೆಕೆರೆ ಮುಖ್ಯರಸ್ತೆಯಲ್ಲಿ ಕಟ್ಟಡವೊಂದರ ಮೇಲಿನ ಕೆಫೆಗೆ ಬೆಂಕಿ ಬಿದ್ದಾಗ ಅಡುಗೆ ಅನಿಲದ ಸಿಲಿಂಡರು ಸಿಡಿದವು, ಜೀವ ಉಳಿಸಿಕೊಳ್ಳಲು ಒಬ್ಬರು ಮಹಡಿಯಿಂದ ಹಾರಿದ್ದನ್ನು ಊರೆಲ್ಲ ಮೊಬೈಲಿನಲ್ಲಿ ನೋಡಿತು. ಆಮೇಲೆ ಪಾಲಿಕೆ ತಾರಸಿ ಹೋಟೆಲುಗಳ ತಪಾಸಣೆಗೆ ಇಳಿಯಿತು. ನೀವೂ ಒಂದು ನಿಮಿಷ ತಪಾಸಣೆ ಮಾಡಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಒಳಗೆ ಕುಳಿತೆ. ಕೈ ತೊಳೆಯುವ ನಲ್ಲಿಯಲ್ಲಿ ನೀರು ತುಂತುರಾಗಿ ಬರುತ್ತಿತ್ತು. 2024ರ ಬೇಸಿಗೆಯ ನೀರಿನ ಬರದಲ್ಲಿ ಜಲಮಂಡಳಿ ಹೋಟೆಲುಗಳ ನಲ್ಲಿಗೆ ಏರಿಯೇಟರ್ ಕಡ್ಡಾಯ ಮಾಡಿದ್ದರ ಗುರುತು ಅದು. ಹೊರಗಿನ ಫಲಕದಲ್ಲಿ ಕನ್ನಡ ದಪ್ಪಗಿತ್ತು, ಫಲಕದ ಶೇ. 60 ಕನ್ನಡವಿರಬೇಕೆನ್ನುವ ಕಾನೂನು ಬಂದ ಮೇಲಿನ ಶಿಸ್ತು. ಮೆನುವಿನಲ್ಲಿ ಮಾತ್ರ ಒಂದಕ್ಷರವೂ ಇಲ್ಲ. ಕಾನೂನು ಬಾಗಿಲ ಹೊರಗೇ ನಿಂತಿದೆ. ‘ರಾಗಿ ಟಾಕೊ’, ‘ಗಸಿ’, ‘ಪಂದಿ’ ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕೂಡಿಸಿಕೊಂಡು ಓದುತ್ತ, ಇದನ್ನು ನಮ್ಮಮ್ಮ ಹೇಗೆ ಓದಿಯಾರು ಎಂದುಕೊಂಡೆ. ಬಡಿಸಲು ಬಂದ ಹುಡುಗ ಅಸ್ಸಾಮಿನವನು. ಅವನ ಕನ್ನಡ ಮೆನುವಿಗಿಂತ ಚೆನ್ನಾಗಿತ್ತು. "ಸರ್, ಖಾರ ಸ್ವಲ್ಪ ಕಮ್ಮಿ ಮಾಡ್ಲಾ?" ಎಂದ.

ಮೆನುವಿನ ಉದ್ದದ ಬಗ್ಗೆ ನನಗೊಂದು ಹಠವಿದೆ. ಥಾಯ್ ಸೂಪಿನಿಂದ ಪಂಜಾಬಿನ ಪನೀರಿನವರೆಗೆ, ಇಟಲಿಯ ಪಾಸ್ತಾದಿಂದ ಕುಂದಾಪುರದ ಕೋಳಿಯವರೆಗೆ ಹತ್ತು ಪುಟ ತುಂಬಿದ್ದರೆ ಅಲ್ಲಿ ಬಹಳಷ್ಟು ಸಂಗತಿ ಮೊದಲೇ ಬೆಂದು ಫ್ರಿಜ್ಜಿನಲ್ಲಿ ಕಾಯುತ್ತಿದೆ ಎಂದು ತಿಳಿಯುತ್ತೇನೆ. ಎರಡು ಪುಟದ ಮೆನು ಇರುವ ಅಡುಗೆಮನೆ ತನ್ನ ಕೈ ಯಾವುದಕ್ಕೆ ಪಳಗಿದೆ ಎಂದು ಬಲ್ಲದು. ಆದರೆ ಪ್ರಯಾಣಿಕರಿಗೆ ಇಲ್ಲೊಂದು ತಿರುವಿದೆ. ಆಗಷ್ಟೇ ಮಾಡಿಕೊಡುವ ಅಡುಗೆ ನಿಧಾನ. ಮೊದಲ ತಟ್ಟೆ ಬರಲು ಅರ್ಧ ಗಂಟೆ, ಎದ್ದೇಳಲು ಒಂದೂವರೆ. ಒಳ್ಳೆಯ ರೆಸ್ಟೋರೆಂಟು ನಿಮ್ಮ ವಿಮಾನಕ್ಕೆ ಕೆಟ್ಟದಾಗುವುದು ಹೀಗೆ.

ಅಂದಿನ ಊಟ ಚೆನ್ನಾಗಿತ್ತು. ನೀರುದೋಸೆ ತೆಳ್ಳಗೆ ಬಿಸಿಯಾಗಿ ಬಂತು, ಗಸಿಯಲ್ಲಿ ತೆಂಗಿನಕಾಯಿ ಹುರಿದ ಘಮ ಇತ್ತು. ಸಿಹಿ ಮಾತ್ರ ತಟ್ಟೆಯ ಚಂದಕ್ಕೆ ಮಾಡಿದ್ದು. ಮೊಸರನ್ನ ಸಿಗುತ್ತದೆಯೇ ಎಂದು ಕೇಳಿದೆ. ಮೆನುವಿನಲ್ಲಿರಲಿಲ್ಲ, ಹುಡುಗ ಒಳಗೆ ಹೋಗಿ ಬಂದು "ಮಾಡ್ಕೊಡ್ತಾರೆ ಸರ್" ಎಂದ. ಈ ಒಂದು ಪ್ರಶ್ನೆಯನ್ನು ಎಲ್ಲ ಕಡೆಯೂ ಕೇಳಬೇಕು. ಮೆನುವಿನಲ್ಲಿಲ್ಲದ ಸಾದಾ ಊಟವನ್ನು ವಯಸ್ಸಾದವರಿಗೆ ಮಾಡಿಕೊಡುವ ಅಡುಗೆಮನೆ ಇದ್ದರೆ ಆ ಜಾಗಕ್ಕೆ ಸಂಸಾರ ಕರೆದೊಯ್ಯಬಹುದು. ಹೊರಗಿನ ಡಬ್ಬಿ ಬಿಚ್ಚಲು ಇಂಥ ಕಡೆ ಬಿಡುವುದಿಲ್ಲ. ಮಗಳನ್ನು ಕಳಿಸಲು ಹೊರಟ ತಾಯಿ ಚಪಾತಿ ಪಲ್ಯದ ಡಬ್ಬಿ ಕಟ್ಟದೆ ಹೊರಟದ್ದನ್ನು ನಾನಂತೂ ಕಂಡಿಲ್ಲ.

ಬಿಲ್ಲಿಗೆ ಬರೋಣ. ಮದ್ಯವಿಲ್ಲದೆ ಇಬ್ಬರಿಗೆ ಎರಡು ಸಾವಿರ ದಾಟುವುದು ಇಂಥ ಕಡೆ ಮಾಮೂಲು. ಊಟ ಮೂರು ಸಾವಿರದ್ದೆಂದಿಟ್ಟುಕೊಳ್ಳಿ. ಜಿಎಸ್‌ಟಿ ಶೇ. 5, ಅಂದರೆ 150 ರೂಪಾಯಿ; ಒಟ್ಟು 3,150. ಕೆಲವರು ಶೇ. 10ರ ಸೇವಾ ಶುಲ್ಕ ಸೇರಿಸಿ ಅದರ ಮೇಲೂ ತೆರಿಗೆ ಹಾಕುತ್ತಾರೆ. ಆಗ 3,465. ಈ 315 ರೂಪಾಯಿಯನ್ನು ನೀವು ಕೊಡಲೇಬೇಕಿಲ್ಲ. ಸೇವಾ ಶುಲ್ಕವನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. ರೆಸ್ಟೋರೆಂಟು ಸಂಘಗಳು ಪ್ರಶ್ನಿಸಿದಾಗ ದೆಹಲಿ ಹೈಕೋರ್ಟು 2025ರ ಮಾರ್ಚ್ 28ರಂದು ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ತೆಗೆಯಿರಿ ಎಂದರೆ ತೆಗೆಯುತ್ತಾರೆ, ತೆಗೆಯದಿದ್ದರೆ 1915ಕ್ಕೆ ಕರೆ ಮಾಡಬಹುದು. ಬಡಿಸಿದ ಹುಡುಗನ ಕೈಗೆ ನೇರವಾಗಿ ಏನಾದರೂ ಕೊಡುವುದು ಬೇರೆ ಮಾತು, ಅದನ್ನು ಕೊಡಿ. ಇನ್ನೊಂದು ಸಂಗತಿ: ಬಳ್ಳಾರಿ ರಸ್ತೆಯ ದೊಡ್ಡ ಹೋಟೆಲುಗಳಲ್ಲಿ, ಕೊಠಡಿ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ಕಡೆ, ಒಳಗಿನ ರೆಸ್ಟೋರೆಂಟಿಗೆ ತೆರಿಗೆ ಶೇ. 18. ಅದೇ ಮೂರು ಸಾವಿರದ ಊಟಕ್ಕೆ 540. ಬಡಾವಣೆಯ ರೆಸ್ಟೋರೆಂಟು ಈ ಲೆಕ್ಕದಲ್ಲಿ ಗೆಲ್ಲುತ್ತದೆ.

ಇನ್ನು ಗಡಿಯಾರ. ಜಕ್ಕೂರಿನ ಊಟದ ವಿಷಯದಲ್ಲಿ ನಾಲಗೆಗಿಂತ ಗಡಿಯಾರವೇ ದೊಡ್ಡದು. ಇಂಥ ಬಹಳಷ್ಟು ರೆಸ್ಟೋರೆಂಟುಗಳು ಮಧ್ಯಾಹ್ನ ಹನ್ನೆರಡಕ್ಕೆ ತೆರೆದು ಮೂರೂವರೆಯ ಹೊತ್ತಿಗೆ ಅಡುಗೆಮನೆ ಮುಚ್ಚಿ, ರಾತ್ರಿಯೂಟಕ್ಕೆ ಏಳಕ್ಕೆ ಒಲೆ ಹಚ್ಚುತ್ತವೆ. ದೆಹಲಿಗೋ ಮುಂಬೈಗೋ ರಾತ್ರಿ ಒಂಬತ್ತರ ವಿಮಾನ ಎಂದುಕೊಳ್ಳಿ. ಹೊರಡುವ ಒಂದು ಗಂಟೆ ಮೊದಲು ಲಗೇಜು ಕೌಂಟರು ಮುಚ್ಚುತ್ತದೆ, ಅಂದರೆ ಎಂಟಕ್ಕೆ. ಏಳೂ ಕಾಲಿಗೆ ಟರ್ಮಿನಲ್‌ನಲ್ಲಿರಬೇಕು, ಆರೂವರೆಗಿಂತ ಮೊದಲೇ ಜಕ್ಕೂರು ಬಿಡಬೇಕು. ಒಲೆಯೇ ಹಚ್ಚಿಲ್ಲ! ನಂದಿ ಬೆಟ್ಟದ ಸೂರ್ಯೋದಯ ನೋಡಿ ಇಳಿದವರ ಕಥೆಯೂ ಇದೇ. ಅವರು ಹಸಿದು ಜಕ್ಕೂರು ಮುಟ್ಟುವುದು ಹತ್ತು ಗಂಟೆಗೆ, ಗೇಟಿಗೆ ಬೀಗ. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ಬರುವ ಮನೆಯವರಿಗೆ ಆ ದಿನ ಮಾಂಸ ಬೇಯುವ ಅಡುಗೆಮನೆ ಒಗ್ಗುವುದೇ ಇಲ್ಲ. ಇವರೆಲ್ಲರಿಗೂ ಹಳೆಯ ಜಕ್ಕೂರಿನ, ಯಲಹಂಕದ ದರ್ಶಿನಿಗಳೇ ಗತಿ, ಅದೇ ಸದ್ಗತಿ. ಹತ್ತು ನಿಮಿಷ, ಎರಡು ಇಡ್ಲಿ, ಒಂದು ಕಾಫಿ, ಮುಂದಕ್ಕೆ. ಮಾಂಸ ಬೇಕೆನ್ನುವವರಿಗೆ ಮುದ್ದೆ ಊಟದ ಹೋಟೆಲುಗಳಿವೆ. ಅಲ್ಲಿ ಕಾರನ್ನು ನೀವೇ ನಿಲ್ಲಿಸಬೇಕು, ಅಷ್ಟೇ.

ಗಡಿಯಾರ ಒಲಿಯುವುದು ಇಬ್ಬರಿಗೆ. ನಡುರಾತ್ರಿ ದಾಟಿದ ಮೇಲೆ ಯೂರೋಪು, ಅಮೆರಿಕದ ಕಡೆ ಹಾರುವವರು ಒಬ್ಬರು. ಎರಡೂವರೆಯ ವಿಮಾನಕ್ಕೆ ಹನ್ನೊಂದೂವರೆಗೆ ಒಳಗಿದ್ದರೆ ಸಾಕು. ಏಳೂವರೆಯಿಂದ ಹತ್ತರವರೆಗೆ ಆರಾಮವಾಗಿ ಉಂಡು, ಅತ್ತು, ನಕ್ಕು ಹೊರಡಬಹುದು. ಬಲಗಡೆಗೆ ತಿರುಗಿ ಬರುವ ಕಷ್ಟ ಆ ಬಿಡುವಿನಲ್ಲಿ ಮುಚ್ಚಿಹೋಗುತ್ತದೆ. ಅಂತರರಾಷ್ಟ್ರೀಯ ವಿಮಾನಗಳೆಲ್ಲ 2023ರ ಸೆಪ್ಟೆಂಬರಿನಿಂದ ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ಅಲ್ಲಿ ಕಳಿಸಿಕೊಡಲು ಬಂದವರು ಹೊರಗೇ ನಿಲ್ಲಬೇಕು, ಹಾಗಾಗಿ ಬೀಳ್ಕೊಡುಗೆ ಜಕ್ಕೂರಿನ ಟೇಬಲ್ಲಿನಲ್ಲೇ ಆಗಿಬಿಡುವುದು ಒಳ್ಳೆಯದು. ಇನ್ನೊಬ್ಬರು ಮಧ್ಯಾಹ್ನವೋ ಸಂಜೆಯೋ ಬಂದಿಳಿದು ಊರೊಳಗೆ ಹೋಗುವವರು. ಏಳು ಗಂಟೆಗೆ ಹೆಬ್ಬಾಳದ ಸೇತುವೆ ಕೆಳಗೆ ಸಿಕ್ಕಿಹಾಕಿಕೊಳ್ಳುವ ಬದಲು ಜಕ್ಕೂರಿನಲ್ಲಿ ಉಂಡು ಒಂಬತ್ತೂವರೆಗೆ ಹೊರಟರೆ ಮನೆ ಮುಟ್ಟುವ ಹೊತ್ತಿನಲ್ಲಿ ದೊಡ್ಡ ವ್ಯತ್ಯಾಸವಾಗದು. ಆಸ್ಪತ್ರೆಯಿಂದ ಬರುವವರು ಮಧ್ಯಾಹ್ನದ ಊಟಕ್ಕೆ ಬರಲಿ. ಸಂಜೆಯ ಸಂಗೀತದ ಅಬ್ಬರ ಅವರಿಗೆ ಬೇಡ. ತಾರಸಿಯ ಧ್ವನಿವರ್ಧಕ ರಾತ್ರಿ ಹತ್ತಕ್ಕೆ ನಿಲ್ಲಬೇಕೆನ್ನುವುದು ನಿಯಮ, ಹತ್ತರವರೆಗೆ ಏನು ಎನ್ನುವುದು ಆಯಾ ಜಾಗದ ಸೌಜನ್ಯ. ಸೆಪ್ಟೆಂಬರ್–ಅಕ್ಟೋಬರಿನ ಸಂಜೆ ಮಳೆಗೆ ತಾರಸಿ ಮುಚ್ಚುತ್ತದೆ, ಒಳಗೆ ಜಾಗ ಇದೆಯೇ ಎಂದು ಕೇಳದೆ ಹೊರಡಬೇಡಿ.

ಎರಡು ವರ್ಷಕ್ಕೊಮ್ಮೆ ಇನ್ನೊಂದು ವಿಚಿತ್ರ ಎದುರಾಗುತ್ತದೆ. 1996ರಿಂದ ನಡೆಯುವ ಏರೋ ಇಂಡಿಯಾ ಪ್ರದರ್ಶನದ ಜಾಗ ಯಲಹಂಕದ ವಾಯುನೆಲೆ, ಜಕ್ಕೂರಿನ ನೆರೆಯದ್ದೇ. ಮಾಂಸದ ತ್ಯಾಜ್ಯಕ್ಕೆ ಹದ್ದುಗಳು ಮುತ್ತುತ್ತವೆ, ಹದ್ದು ಬಡಿದರೆ ವಿಮಾನಕ್ಕೆ ಅಪಾಯ. ಅದಕ್ಕೇ 2025ರಲ್ಲಿ ಜನವರಿ 23ರಿಂದ ಫೆಬ್ರವರಿ 17ರವರೆಗೆ ನೆಲೆಯ ಸುತ್ತ 13 ಕಿಲೋಮೀಟರಿನಲ್ಲಿ ಮಾಂಸ ಮಾರಾಟವನ್ನೂ ಮಾಂಸಾಹಾರ ಬಡಿಸುವುದನ್ನೂ ಪಾಲಿಕೆ ನಿಷೇಧಿಸಿತ್ತು. ಆಧಾರ 1937ರ ವಿಮಾನ ನಿಯಮಗಳ 91ನೇ ನಿಯಮ. ಬಿರಿಯಾನಿಗೆಂದು ಬಂದವರು ಅಣಬೆ ತಿಂದು ಹೋಗುವ ವಾರಗಳು ಅವು. ಪ್ರದರ್ಶನದ ವರ್ಷದ ಆರಂಭದಲ್ಲಿ ಟೇಬಲ್ ಹಿಡಿಯುವವರು ಇದನ್ನು ನೆನಪಿಡಬೇಕು.

ಹೊರಬಂದು ಕೆರೆಯ ಕಡೆ ನಡೆದೆ. ಸುಮಾರು 160 ಎಕರೆಯ ಜಕ್ಕೂರು ಕೆರೆಗೆ ನೀರು ತುಂಬುವುದು ಹೆಚ್ಚಾಗಿ ಜಲಮಂಡಳಿಯ ಶುದ್ಧೀಕರಣ ಘಟಕದಿಂದ. ಆ ಘಟಕ ಬಿಟ್ಟ ನೀರು ಜೊಂಡು ಬೆಳೆದ ಜೌಗಿನಲ್ಲಿ ಇನ್ನಷ್ಟು ತಿಳಿಯಾಗಿ ಕೆರೆ ಸೇರುತ್ತದೆ. ಹೆಜ್ಜಾರ್ಲೆಗಳು ಬರುತ್ತವೆ, ಮೀನುಗಾರರು ಬಲೆ ಬೀಸುತ್ತಾರೆ. ರೆಸ್ಟೋರೆಂಟಿಗೆ ಬಂದವರು ನೋಡದೆ ಹೋಗುವುದು ಇದನ್ನೇ. ಮಧ್ಯಾಹ್ನದೂಟ ಮುಗಿಸಿ ವಿಮಾನಕ್ಕೆ ಇನ್ನೂ ಹೊತ್ತಿದ್ದವರು ಸಂಜೆ ಏರಿಯ ಮೇಲೆ ಒಂದು ಸುತ್ತು ಹಾಕಲಿ. ಟಿಕೆಟ್ಟಿಲ್ಲ, ಸೊಳ್ಳೆ ಮಾತ್ರ ಇವೆ.

ಊಟಕ್ಕೆಂದೇ ಉತ್ತರ ಬೆಂಗಳೂರಿಗೆ ಬರುವವರಿದ್ದರೆ ಅವರ ದಾರಿ ಜಕ್ಕೂರು ದಾಟಿ ಮುಂದೆ ಹೋಗುತ್ತದೆ. ಬಾಗಲೂರಿನ ಕಡೆ ಸಾತನೂರಿನಲ್ಲಿ 37 ಎಕರೆ ತೋಟದ ನಡುವೆ ಹದಿನೆಂಟೇ ಆಸನಗಳ ಫಾರ್ಮ್‌ಲೋರ್ ಇದೆ. ಅಲ್ಲಿ ಮೆನು ನೋಡಿ ಆರಿಸುವ ಪ್ರಶ್ನೆಯಿಲ್ಲ; ಮೊದಲೇ ಜಾಗ ಕಾದಿರಿಸಿ, ಅವರು ಬಡಿಸಿದ್ದನ್ನು ಒಂದೊಂದಾಗಿ ಉಣ್ಣುವುದು. ಅದು ಅದಕ್ಕೆಂದೇ ಹೊರಡುವ ಜಾಗ. ಜಕ್ಕೂರಿನ ಬಡಾವಣೆಯ ರೆಸ್ಟೋರೆಂಟುಗಳು ಆ ಸಾಲಿನವಲ್ಲ, ಆ ಸಾಲಿನವೆಂದು ಅವು ನಟಿಸಬೇಕಾಗಿಯೂ ಇಲ್ಲ. ದಾರಿ ಬಿಟ್ಟು ಸುತ್ತಿ ಬರುವಂಥವೂ ನನಗೆ ಕಾಣಲಿಲ್ಲ. ದಾರಿಯ ಮೇಲೆ ಸಿಕ್ಕರೆ, ಗಡಿಯಾರ ಒಪ್ಪಿದರೆ, ಧಾರಾಳವಾಗಿ ಇಳಿಯಬಹುದು.

ಹಾಗಾಗಿ ನನ್ನ ತೀರ್ಪು ಹೀಗೆ. ದೇಶದೊಳಗಿನ ವಿಮಾನ ಹಿಡಿಯಲು ಹೊರಟವರು ಎತ್ತರದ ರಸ್ತೆಯಲ್ಲೇ ಮುಂದೆ ಹೋಗಿ. ನಡುರಾತ್ರಿಯ ವಿಮಾನದವರು, ನಿಲ್ದಾಣದಿಂದ ಮರಳುವವರು ಜಕ್ಕೂರಿಗೆ ಬನ್ನಿ. ಬರುವ ಮುನ್ನ ಒಂದು ಫೋನ್ ಮಾಡಿ. ಕಾರು ಎಲ್ಲಿ ನಿಲ್ಲುತ್ತದೆ, ಲಿಫ್ಟ್ ಇದೆಯೇ, ಬಿಲ್ಲಿಗೆ ಸೇವಾ ಶುಲ್ಕ ಹಾಕುತ್ತೀರಾ, ಮೊಸರನ್ನ ಮಾಡಿಕೊಡುತ್ತೀರಾ ಎಂದು ಕೇಳಿ. ನಾಲ್ಕಕ್ಕೂ ನೇರ ಉತ್ತರ ಕೊಟ್ಟ ಜಾಗದಲ್ಲಿ ಏಳೂವರೆಯ ಟೇಬಲ್ ಹಿಡಿಯಿರಿ.